ಸಾವಿನ ಮನೆಯ ಒಲೆ

ಅತ್ತೆಯ ತಲೆಗೆ ಮೂರನೆಯ ಚೆಂಬು ನೀರು ಹೊಯ್ಯುತ್ತಿದ್ದ ಸೌಂದರ್ಯಳಿಗೆ, ಮರೆಗೆಂದು ಅಡ್ಡ ಹಿಡಿದಿದ್ದ ಸೀರೆಯ ಆಚೆ ಬೈಕು ಬಂದು ನಿಂತ ಸದ್ದು ಕೇಳಿಸಿತು. ಸಾವಿಗೆ ಬರುವವರು ಬೈಕನ್ನು ಬೀದಿಯ ಕೊನೆಯಲ್ಲೇ ನಿಲ್ಲಿಸಿ ನಡೆದು ಬರುತ್ತಾರೆ. ಇದು ಸೀದಾ ಮನೆಬಾಗಿಲಿಗೇ ನುಗ್ಗಿತ್ತು.

"ಪುಟ್ಟಸಿದ್ದಮ್ಮ ಎಲ್ಲಿ? ಅರ್ಜೆಂಟು!" ಎಂದು ಕೂಗಿದ ದನಿ ಗ್ರಾಮ ಲೆಕ್ಕಿಗ ಬಸವಪ್ರಸಾದನದು.

ಸೀರೆ ಹಿಡಿದು ನಿಂತಿದ್ದ ದ್ಯಾವಮ್ಮ, ಸತ್ತವಳ ತಂಗಿ, ಅಳುವುದನ್ನು ನಿಲ್ಲಿಸಿ ತಲೆ ಹೊರಗೆ ಹಾಕಿ, "ನೀರು ಉಯ್ಕತಾವ್ಳೆ ಸ್ವಾಮಿ, ವಸಿ ತಡೀರಿ," ಅಂದಳು. ಅಂದಮೇಲೆ ತಾನೇನು ಅಂದೆ ಎಂದು ಹೊಳೆದು ಮತ್ತೆ ಜೋರಾಗಿ ಅತ್ತಳು.

ಬಸವಪ್ರಸಾದನಿಗೆ ವಿಷಯ ತಿಳಿಸಿದವರು ಜವರಯ್ಯ. ಸತ್ತವಳ ಗಂಡನ ಅಣ್ಣ, ಮೇಲುಬೀದಿಯ ಹದಿನೆಂಟು ಮನೆ ದಾಯಾದಿಗಳಿಗೂ ಹಿರಿಯರು. "ಬೆಳಗಿನ ಜಾವ ಎದೆ ನೋವು ಅಂದ್ಳಂತೆ. ಸೊಸೆ ಕಾಪಿ ಕಾಯ್ಸಿ ತರೋದ್ರೊಳಗೆ ಮುಗ್ದೋಯ್ತು," ಎಂದರು. ಬಸವಪ್ರಸಾದ ಹೆಲ್ಮೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ನಿಂತೇ ಇದ್ದ. ಎರಡು ವರ್ಷದ ಹಿಂದೆ ಈ ಊರಿಗೆ ಬಂದ ಹುಡುಗ. ಹೊಳೆಯ ಉಸ್ತುವಾರಿಯೂ ಅವನ ತಲೆಗೇ ಬಿದ್ದಿತ್ತು.

"ನಿನ್ನೆ ಸಾಯಂಕಾಲ ಫೋನ್ ಮಾಡಿ ಬೈದ್ರು ಗೌಡ್ರೇ, ಟಾರ್ಚಿಗೆ ಸೆಲ್ ತಂದುಕೊಟ್ಟಿಲ್ಲ ಅಂತ," ಎಂದ. ಆಮೇಲೆ ದನಿ ತಗ್ಗಿಸಿ, "ಹೇಳಬಾರದ ಹೊತ್ತಲ್ಲಿ ಹೇಳ್ತಿದ್ದೀನಿ. ಕೊಡಗಿನ ಕಡೆ ರಾತ್ರಿಯೆಲ್ಲ ಸುರಿದಿದೆ. ಹನಗೋಡು ಅಣೆಕಟ್ಟಿನ ಮೇಲೆ ಆಳೆತ್ತರ ನೀರು ಹೋಗ್ತಿದೆ. ಸಾಯಂಕಾಲ ನಾಲ್ಕಕ್ಕೆ ನಮ್ಮ ಕೆಳಬೀದಿಗೆ ನುಗ್ಗುತ್ತೆ. ನಲವತ್ತೊಂದು ಮನೆ ಈಗಲೇ ಖಾಲಿ ಮಾಡಿಸಬೇಕು," ಎಂದ.

"ಬರ್ಲಿ ಬುಡಿ. ವರ್ಸಾ ವರ್ಸಾ ಬತ್ತದೆ. ಮೊದ್ಲು ಈ ಮಣ್ಣು ಮುಗೀಲಿ," ಎಂದರು ಜವರಯ್ಯ.

"ಸಾರ್," ಎಂದಳು ಸೌಂದರ್ಯ. ಸೀರೆಯ ಮರೆಯಿಂದ ಬಂದ ಆ ದನಿ ಅವಳಿಗೇ ಹೊಸದೆನಿಸಿತು. "ಬರ್ಕೊಳಿ. ಮೂರನೇ ಮನೆ ಕಾಳಮ್ಮಂಗೆ ಕಾಲಿಲ್ಲ, ಕುರ್ಚಿ ಸಮೇತ ಎತ್ತಬೇಕು, ಇಬ್ಬರು ಬೇಕು. ಒಂಬತ್ತನೇ ಮನೆ ಹುಡುಗಿಗೆ ಎಂಟು ತಿಂಗಳು, ಅವಳನ್ನ ಮೊದಲು ಕಳಿಸಿ. ಬಾವಿ ಪಕ್ಕದ ಮನೆಯ ಅಣ್ಣ ತಮ್ಮ ಇಬ್ರಿಗೂ ಮಾತಿಲ್ಲ. ಒಬ್ಬನಿಗೆ ಹೇಳಿದ್ರೆ ಇನ್ನೊಬ್ಬನಿಗೆ ಗೊತ್ತಾಗಲ್ಲ, ಬೇರೆ ಬೇರೆ ಹೇಳಿ. ದನ ಮೊದಲು ಬಿಚ್ಚಿಸಿ. ದನ ಕೊಟ್ಟಿಗೇಲಿದ್ರೆ ಜನ ಬರಲ್ಲ."

ದ್ಯಾವಮ್ಮ ಅವಳ ತೋಳು ಚಿವುಟಿದಳು. "ಎಣದ ಮುಂದೆ ಪಾಠ ಒಪ್ಪುಸ್ತೀಯೇನೆ?"

"ಅವರ ಬಾಯಿ ಇದ್ದಿದ್ರೆ ಅವರೇ ಹೇಳೋರು ಚಿಕ್ಕತ್ತೆ," ಎಂದು ಸೌಂದರ್ಯ ನಾಲ್ಕನೆಯ ಚೆಂಬು ಹೊಯ್ದಳು.

*

ಪುಟ್ಟಸಿದ್ದಮ್ಮ ದೊಡ್ಡ ಮನುಷ್ಯಳೇನಲ್ಲ. ಹೊಳೆಕೊಪ್ಪಲಿನ ಶಾಲೆಯಲ್ಲಿ ಹದಿನೆಂಟು ವರ್ಷ ಮಕ್ಕಳಿಗೆ ಬಿಸಿಯೂಟ ಬೇಯಿಸಿದವಳು, ಅಷ್ಟೆ. ಓದು ಬರಹ ಇರಲಿಲ್ಲ. ಬಾಯಿ ಇತ್ತು, ಅದು ಒಲೆಗಿಂತ ಬೇಗ ಹತ್ತಿಕೊಳ್ಳುತ್ತಿತ್ತು. ಲಕ್ಷ್ಮಣತೀರ್ಥ ಹೊಳೆ ಊರಿನ ಬುಡದಲ್ಲೇ ಹರಿಯುತ್ತದೆ. ಅದು ಉಕ್ಕಿದರೆ ಏನು ಮಾಡಬೇಕೆಂದು ಹುಣಸೂರಿನಲ್ಲಿ ನಕ್ಷೆ, ಸಭೆ, ಸಹಾಯವಾಣಿ ಎಲ್ಲ ಇದ್ದವು. ಹೊಳೆಕೊಪ್ಪಲಿನಲ್ಲಿ ಪುಟ್ಟಸಿದ್ದಮ್ಮ ಇದ್ದಳು.

"ಬೆಂಕಿ ಬಿದ್ದಾಗ ಬಾವಿ ತೋಡುದ್ರು ಅಂತ ಗಾದೆ," ಎನ್ನುತ್ತಿದ್ದಳು. "ನಮ್ಮೂರೋರು ತೋಡೋದೂ ಇಲ್ಲ. ಗುದ್ಲಿ ಯಾರ ಮನೇಲದೆ ಅಂತ ಕೇಳ್ಕೊಂಡು ಓಡಾಡ್ತಾರೆ."

ಪ್ರತಿ ವರ್ಷ ಮುಂಗಾರು ಕಾಲೂರುವ ಮೊದಲು, ಎತ್ತಿಗೆ ನೊಗ ಹೂಡದ ಒಂದು ಸೋಮವಾರ ನೋಡಿ, ಕೆಳಬೀದಿಯವರೆಲ್ಲ ಅಭ್ಯಾಸಕ್ಕೆಂದು ಗಂಟುಮೂಟೆ ಸಮೇತ ದಿಣ್ಣೆಯ ಮೇಲಿನ ಶಾಲೆಗೆ ನಡೆದು ಬರಬೇಕೆಂದು ಅವಳು ಕಟ್ಟಪ್ಪಣೆ ಮಾಡಿದ್ದಳು. ಹೊಳೆಯಲ್ಲಿ ಮೊಣಕಾಲು ನೀರಿಲ್ಲದ ಬೇಸಿಗೆಯಲ್ಲಿ ಮನೆ ಬಿಟ್ಟು ಓಡಿಬನ್ನಿ ಎಂದರೆ ಯಾರು ಬರುತ್ತಾರೆ? ಮೊದಲ ವರ್ಷ ಇಬ್ಬರು ಬಂದರು, ಅವರೂ ಏನು ನಡೆಯುತ್ತದೆ ನೋಡೋಣ ಎಂದು. ಮರುವರ್ಷ ಪುಟ್ಟಸಿದ್ದಮ್ಮ ಶಾಲೆಯ ಗೇಟಿನಲ್ಲಿ ಒಂದು ದೊಡ್ಡ ಪಾತ್ರೆ ತುಂಬ ಕಡಲೆಕಾಯಿ ಬೇಯಿಸಿ ಇಟ್ಟುಕೊಂಡು ಕೂತಳು. ಬಂದವರಿಗೆ ಒಂದು ಬೊಗಸೆ, ದನ ಹೊಡೆದುಕೊಂಡು ಬಂದವರಿಗೆ ಎರಡು. ಬೀದಿಗೆ ಬೀದಿಯೇ ಎದ್ದು ಬಂತು. ಮಹದೇವಯ್ಯ ಒಂದೇ ಹಸುವನ್ನು ಮೂರು ಸಲ ಹೊಡೆದುಕೊಂಡು ಬಂದು ಸಿಕ್ಕಿಬಿದ್ದ.

ಅಂದು ಯಾರು ಹೇಗೆ ಬಂದರು, ಯಾರು ಬರಲಾಗಲಿಲ್ಲ ಎಂಬುದನ್ನೆಲ್ಲ ಸೌಂದರ್ಯ ನೋಟುಪುಸ್ತಕದಲ್ಲಿ ಬರೆಯಬೇಕಿತ್ತು. ಪಿಯುಸಿ ಮಾಡಿದ ಸೊಸೆ ಮನೆಯಲ್ಲಿದ್ದಾಳಲ್ಲ! "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಬರಿ," ಎಂದು ಅತ್ತೆ ಹೇಳುತ್ತ ಹೋಗುವಳು, ಸೌಂದರ್ಯ ಮುಖ ಊದಿಸಿಕೊಂಡು ಬರೆಯುವಳು. 'ಕರಿಯಣ್ಣ: ಆರು ಗಂಟೆ ಮೇಲೆ ಕುಡಿದಿರುತ್ತಾನೆ. ಮಾತಾಡಬಾರದು, ಎಳೆದುಕೊಂಡು ಬರುವುದು.'

ಅಟ್ಟದ ಮೇಲೊಂದು ನೀಲಿ ಡ್ರಮ್ಮು ಇತ್ತು. ಪ್ರತಿ ಮಳೆಗಾಲಕ್ಕೆ ಹೊಸ ರಾಗಿ ಬೀಸಿಸಿದ ಎರಡು ಮೂಟೆ ಹಿಟ್ಟು, ಹುರುಳಿ, ಒಣಮೆಣಸಿನಕಾಯಿ, ಉಪ್ಪು. ಒಂದು ಸಲ ತವರಿನಿಂದ ಏಳೆಂಟು ಜನ ಹೇಳದೆ ಕೇಳದೆ ಬಂದಿಳಿದಾಗ, ಮನೆಯಲ್ಲಿ ಹಿಟ್ಟು ಸಾಲದೆ ಸೌಂದರ್ಯ ಆ ಡ್ರಮ್ಮಿನಿಂದ ಎರಡು ಸೇರು ತೆಗೆದಿದ್ದಳು. ಅತ್ತೆ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ, "ಅದು ನಮ್ಮದಲ್ಲ ಕಣೆ. ನೀರಲ್ಲಿ ಬಂದೋರ್ದು," ಎಂದಳು.

"ಊರೋರ ಹೊಟ್ಟೆ ನಿಮಗ್ಯಾಕೆ ಅತ್ತೆ?" ಎಂದು ಅವಳು ಸಿಟ್ಟಿನಲ್ಲೇ ಕೇಳಿದ್ದಳು.

"ಹಸ್ದೋರ ಮುಖ ನೋಡಕ್ಕಾಗಕ್ಕಿಲ್ಲ ಕಣೆ ನಂಗೆ. ಸಿಟ್ಟು ಬತ್ತದೆ."

ಅದಕ್ಕಿಂತ ದೊಡ್ಡ ಕಾರಣವನ್ನು ಪುಟ್ಟಸಿದ್ದಮ್ಮ ಯಾರಿಗೂ ಹೇಳಲಿಲ್ಲ. ಬೇರೆ ಕಾರಣ ಇದ್ದಿರಲಾರದು ಕೂಡ.

*

ಅಂಗಳದಲ್ಲಿ ತಾಡಪಾಲು ಕಟ್ಟಿ, ಅದರಡಿ ತೆಂಕಲಿಗೆ ತಲೆ ಮಾಡಿ ಚಟ್ಟದ ಮೇಲೆ ಮಲಗಿಸಿದ್ದರು. ಮನೆಮುಂದೆ ಕೊರಡಿನ ಬೆಂಕಿ ಹೊಗೆಯಾಡುತ್ತಿತ್ತು. ಕೆಳಬೀದಿಯ ಚಲುವರಾಜು ಬೆಳಗ್ಗೆಯಿಂದ ತಮಟೆ ಬಡಿಯುತ್ತಿದ್ದವನು, ಬಸವಪ್ರಸಾದ ಬಂದುಹೋದ ಮೇಲೆ ತಮಟೆಯನ್ನು ಗೋಡೆಗೊರಗಿಸಿ, "ನಮ್ಮವ್ವನ್ನ ಎತ್ಕೊಂಡು ಬಂದ್ಬುಡ್ತೀನಿ," ಎಂದು ಇಳಿದು ಹೋದ.

ಆಮೇಲೆ ಅವರು ಬರತೊಡಗಿದರು. ಮೊದಲು ದನಗಳು. ಹಿಂದೆ ಎಂಟು ತಿಂಗಳ ಬಸುರಿ, ಅತ್ತೆಯ ಕೈ ಹಿಡಿದು. ಕಾಳಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಇಬ್ಬರ ಕೈಯಲ್ಲಿ ತೂಗಾಡುತ್ತ ಬಂದಳು. ಕೂಗಾಟವಿಲ್ಲ, ಓಡಾಟವಿಲ್ಲ. ಶಾಲೆಗೆ ಹೋಗುವ ದಾರಿ ಸಾವಿನ ಮನೆಯ ಮುಂದೆಯೇ. ಪ್ರತಿಯೊಬ್ಬರೂ ಅಲ್ಲಿ ಗಂಟು ಇಳಿಸಿ, ಬೇಲಿಯಾಚೆ ನಿಂತೇ ಕೈಮುಗಿದು, ಮತ್ತೆ ಗಂಟೆತ್ತಿಕೊಂಡು ಮುಂದೆ ಹೋಗುತ್ತಿದ್ದರು. ಮಹದೇವಯ್ಯ ಹಸುವಿನ ಹಗ್ಗ ಹಿಡಿದು, "ಕಡ್ಲೆಕಾಯಿ ಇಲ್ದಲೂ ಬಂದೆ ಕಣವ್ವ," ಎಂದು ಹೆಣದ ಕಡೆ ನೋಡಿ ಗಟ್ಟಿಯಾಗಿ ಅತ್ತುಬಿಟ್ಟ.

ಮಧ್ಯಾಹ್ನ ಒಂದು ಗಂಟೆಗೆಲ್ಲ ಕೆಳಬೀದಿ ಖಾಲಿ. ಒಬ್ಬರೂ ಉಳಿದಿರಲಿಲ್ಲ. ಸೌಂದರ್ಯಳಿಗೆ ಅಳುವಿನ ಜೊತೆಗೇ ಹೆಮ್ಮೆ ಉಕ್ಕಿ ಬಂತು. ಬದುಕಿರುವಾಗ ಅತ್ತೆಯ ಬಗ್ಗೆ ಅವಳಿಗೆ ಹೀಗೆ ಅನಿಸಿದ್ದು ನೆನಪಿಲ್ಲ. ಅದಕ್ಕೇ ಇನ್ನಷ್ಟು ಅಳು ಬಂತು.

ಅಷ್ಟರಲ್ಲಿ ಬಸವಪ್ರಸಾದ ಕೈಹಿಸುಕುತ್ತ ಬಂದ. "ಹುಣಸೂರಿನಿಂದ ಊಟದ ಜೀಪು ಹೊರಟಿತ್ತು ಅಕ್ಕ. ಸೇತುವೆ ಮೇಲೆ ನೀರು ಬಂದು ವಾಪಸ್ ಹೋಯ್ತು. ನಾಳೆ ಬೆಳಗ್ಗೆತನಕ ಏನೂ ಬರಲ್ಲ. ಶಾಲೆ ಸಿಲಿಂಡರ್ ಖಾಲಿ. ಅಂಗಡೀಲಿ ಇದ್ದ ಬಿಸ್ಕತ್ತು ಮಕ್ಕಳಿಗೆ ಹಂಚಿದೆ, ಒಬ್ಬೊಬ್ಬರಿಗೆ ಎರಡೆರಡು ಬಂತು. ನೂರೆಪ್ಪತ್ತು ಜನ ಇದ್ದಾರೆ. ಬೆಳಗ್ಗೆಯಿಂದ ಯಾರೂ ತಿಂದಿಲ್ಲ."

ಕೆಳಬೀದಿಯ ಒಲೆಗಳು ಇನ್ನು ಮೂರು ಗಂಟೆಯಲ್ಲಿ ನೀರಿನಡಿ. ಮೇಲುಬೀದಿಯ ಹದಿನೆಂಟು ಮನೆಯೂ ಒಂದೇ ಬಳ್ಳಿಯವು. ಹೆಣ ಎತ್ತುವ ತನಕ ಅಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ. ಬೇರೆ ಊರಿನ ಬೀಗರು ಅನ್ನ ಬೇಯಿಸಿ ತರುವುದು ವಾಡಿಕೆ, ಅವರೂ ಸೇತುವೆಯ ಆಚೆ ಸಿಕ್ಕಿಕೊಂಡಿದ್ದರು. ಊರಿನಲ್ಲಿದ್ದ ಒಂದೇ ಕೊಪ್ಪರಿಗೆ, ಒಂದೇ ಮಳೆ ತಾಗದ ಸೌದೆ, ಒಂದೇ ಡ್ರಮ್ಮು ಹಿಟ್ಟು ಈ ಮನೆಯಲ್ಲಿತ್ತು. ಸಾವಿನ ಮನೆಯಿಂದ ಹೆಣಕ್ಕಿಂತ ಮೊದಲು ಒಂದು ಕಡ್ಡಿಯೂ ಆಚೆ ಹೋಗಬಾರದು. ಹೆಣ ಎತ್ತಬೇಕಾದರೆ ಮಗ ಬರಬೇಕು.

ಮಗ ಮಾದೇಶ ಲಾರಿಯಲ್ಲಿ ಶುಂಠಿ ಹೇರಿಕೊಂಡು ಕೇರಳಕ್ಕೆ ಹೋಗಿದ್ದವನು. ಸೌಂದರ್ಯ ಫೋನು ಹಚ್ಚಿದಳು.

"ಬಾವಲಿ ದಾಟ್ದೆ ಕಣೆ. ಅಂತರಸಂತೆ ಹತ್ರ ಮರ ಬಿದ್ದದೆ. ಲಾರಿ ಇಲ್ಲೇ ಬುಟ್ಟು ಯಾವ್ದಾರ ಹಿಡ್ಕೊಂಡು ಬತ್ತೀನಿ. ನಾನ್ ಬರೋಗಂಟ ಅವ್ವನ್ನ ಎತ್ಬೇಡಿ."

"ಎತ್ತಲ್ಲ. ಆದ್ರೆ ಇಲ್ಲಿ ಜನಕ್ಕೆ ಊಟ ಇಲ್ಲ ರೀ. ಒಲೆ ಹಚ್ಚಬೇಕು."

"ದೊಡ್ಡಪ್ಪ ಏನಂದ್ರು?"

"ಇನ್ನೂ ಕೇಳಿಲ್ಲ."

"ಔರು ಹೇಳ್ದಂಗೆ ಮಾಡು. ನನ್ ತಲೆ ಓಡ್ತಿಲ್ಲ ಕಣೆ," ಎಂದು ಅವನು ಬಿಕ್ಕಿದ. ಫೋನು ಕಡಿದುಹೋಯಿತು.

ಜವರಯ್ಯ ಕೆಟ್ಟ ಮನುಷ್ಯರಲ್ಲ. ತಮ್ಮ ಸತ್ತ ಮೇಲೆ ಈ ಮನೆಯ ಗದ್ದೆಗೆ ನೀರು ಕಟ್ಟಿದವರು ಅವರೇ. ಆದರೆ ತಮ್ಮನ ಹೆಂಡತಿಯ ಜೊತೆ ನಲವತ್ತು ವರ್ಷ ನೇರ ಮಾತಾಡಿದವರಲ್ಲ. ಏನಿದ್ದರೂ ಇಬ್ಬರೂ ನಡುವಿನ ಕಂಬಕ್ಕೆ ಹೇಳಿದಂತೆ ಹೇಳುತ್ತಿದ್ದರು. ಕಟ್ಟಳೆ ಎಂದರೆ ಅವರಿಗೆ ಕಟ್ಟಳೆಯೇ.

"ನಾನೇನು ಹಸ್ದೋರು ಸಾಯ್ಲಿ ಅಂತೀನಾ?" ಎಂದರು, ಸೌಂದರ್ಯ ಒಲೆಯ ಮಾತೆತ್ತಿದಾಗ. "ಎಣ ಎತ್ಲಿ, ಆಮೇಲೆ ಊರಿಗೂರೇ ಉಣ್ಣೋ ಅಂಗೆ ಬೇಯ್ಸು. ನಮ್ಮಪ್ಪ ಸತ್ತಾಗ ನಮ್ಮಕ್ಕ ಬರೋಗಂಟ ಎರಡು ದಿನ ಒಲೆ ಅಚ್ಲಿಲ್ಲ. ನಾವೆಲ್ಲ ಸತ್ವಾ?"

"ನೀವು ನಿಮ್ಮ ಮನೇಲಿದ್ರಿ ಮಾವ. ಇವರು ಮನೆ ಬಿಟ್ಟು ಬಂದವ್ರೆ."

"ಎಣ ಅಂಗಳದಲ್ಲಿರೋವಾಗ ಒಲೆ ಉರುದ್ರೆ ಆ ಮನೆಗೆ ಇನ್ನೊಂದು ಸಾವು ಬತ್ತದೆ ಕಣವ್ವ. ನಿನ್ ಗಂಡ ಈ ಮಳೇಲಿ ರೋಡ್ನಲ್ಲವ್ನೆ. ಯೋಚ್ನೆ ಮಾಡು."

ಆ ಮಾತು ಸೌಂದರ್ಯಳಿಗೆ ನಾಟಿತು.

*

ಏಳು ವರ್ಷದ ಹಿಂದೆ ಹೀಗೇ ಆಗಸ್ಟಿನಲ್ಲಿ, ಹೊಳೆ ರಾತ್ರೋರಾತ್ರಿ ಊರಿಗೆ ನುಗ್ಗಿದ ವರ್ಷ, ಸರ್ಕಾರದ ಗಂಜಿ ಬಂದಿತ್ತು. ಎರಡು ಕ್ಯಾನು, ಒಳಗೆ ಬಿಳಿ ನೀರು, ತಳದಲ್ಲಿ ಎಣಿಸುವಷ್ಟು ಅಗುಳು. ಶಾಲೆಯ ಜಗಲಿಯಲ್ಲಿ ಒದ್ದೆ ಬಟ್ಟೆಯಲ್ಲಿ ಕೂತ ಜನಕ್ಕೆ ಅದನ್ನು ಹಂಚುವಾಗ ಯಾರೋ ಒಬ್ಬ ಸಾಹೇಬರು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಪುಟ್ಟಸಿದ್ದಮ್ಮ ಸೌಟಿನಲ್ಲಿ ಒಂದಿಷ್ಟು ಎತ್ತಿ, ಅವರ ಕಣ್ಣ ಮುಂದೆಯೇ ಮತ್ತೆ ಕ್ಯಾನಿಗೆ ಸುರಿದಳು.

"ನೀರಿಂದ ಎದ್ದು ಬಂದೋರಿಗೆ ಮತ್ತೆ ನೀರೇ ಕೊಡ್ತೀರಾ ಸ್ವಾಮಿ?"

"ಏನಮ್ಮ, ನಿಯಮದ ಪ್ರಕಾರ ಇರೋದೇ ಇಷ್ಟು," ಎಂದರು ಸಾಹೇಬರು.

"ಅಂಗಾದ್ರೆ ನಿಯಮಾನೇ ಉಣ್ಣಿ ನೀವು. ಇವ್ರಿಗೆ ಹಿಟ್ಟು ನಾನ್ ಹಾಕ್ತೀನಿ."

ಹಾಕಿದಳು. ಐದು ದಿನ, ಎರಡು ಹೊತ್ತು. ಮೊದಲ ದಿನದ ಹಿಟ್ಟು ಅವಳ ಮನೆಯದು. ಎರಡನೆಯ ದಿನದಿಂದ ಮೇಲುಬೀದಿಯವರೆಲ್ಲ ನಾಚಿಕೆಗೆ ಬಿದ್ದು ಕೊಟ್ಟರು. ನೀರು ಇಳಿದ ಮೇಲೆ ಅಧಿಕಾರಿಗಳು ಬಿದ್ದ ಗೋಡೆ ಅಳೆದುಕೊಂಡು ಹೋದರು. ಪುಟ್ಟಸಿದ್ದಮ್ಮ ಮಾತ್ರ ಗೋಡೆಯ ಕಡೆ ತಿರುಗಿಯೂ ನೋಡದೆ, ಸೊಸೆಯನ್ನು ಕಟ್ಟಿಕೊಂಡು ಮನೆಮನೆಗೂ ಹೋಗಿ ಕೆಸರು ಬಳಿದು ಒಲೆ ಎಲ್ಲಿದೆ ಎಂದು ಹುಡುಕಿದಳು. ಕರಗಿಹೋಗಿದ್ದರೆ ಮಣ್ಣು ಕಲಸಿ ಹೊಸದು ಹಾಕಿದಳು. ಕೆಳಬೀದಿಯ ಹಟ್ಟಿಗಳ ಒಳಗೆ ಹೋಗಿ ಬಂದಳೆಂದು ಮೇಲುಬೀದಿ ಗೊಣಗಿತು. "ಗೋಡೆ ಇಲ್ದಿದ್ರೂ ಮನೆಯೇ. ಒಲೆ ಹೊತ್ಕಂಡ ಮೇಲೆ ಜನಕ್ಕೆ ಧೈರ್ಯ ಬತ್ತದೆ ಕಣೆ," ಎಂದಿದ್ದಳು, ಮೊಣಕೈವರೆಗೆ ಕೆಸರು ಮೆತ್ತಿಕೊಂಡು.

ಆ ವರ್ಷ ಕೆಳಬೀದಿಯಲ್ಲಿ ಇಪ್ಪತ್ತಾರು ಒಲೆ ಹಾಕಿದ್ದರು. ಹನ್ನೊಂದು ಸೌಂದರ್ಯಳ ಕೈಯವು.

*

ಶಾಲೆಯ ಕಡೆಯಿಂದ ಒಂದು ಮಗು ಅಳತೊಡಗಿತು. ಅದಕ್ಕೆ ಇನ್ನೊಂದು ಜೊತೆಗೂಡಿತು.

ಸೌಂದರ್ಯ ಅತ್ತೆಯ ಮುಖ ನೋಡಿದಳು. ಹಣೆಯ ಮೇಲೆ ಕಾಸಿನಗಲ ವಿಭೂತಿ, ಬಾಯಿಗೆ ಕಟ್ಟಿದ ಬಟ್ಟೆ. ಆ ಬಾಯನ್ನು ಕಟ್ಟಿಹಾಕಲು ಸಾವೇ ಬರಬೇಕಾಯಿತಲ್ಲ ಎನಿಸಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು, ಒಳಗೆ ಹೋಗಿ ಏಣಿ ಇಟ್ಟು ಅಟ್ಟ ಹತ್ತಿದಳು.

ನೀಲಿ ಡ್ರಮ್ಮಿನಲ್ಲಿದ್ದದ್ದೆಲ್ಲ ಬುಟ್ಟಿ ಬುಟ್ಟಿಯಾಗಿ ಹಗ್ಗದಲ್ಲಿ ಇಳಿದು ಬಂತು. ದ್ಯಾವಮ್ಮ ಬಾಗಿಲಲ್ಲಿ ಎರಡೂ ಕೈ ಅಡ್ಡ ಹಿಡಿದು ನಿಂತಳು. "ಬ್ಯಾಡ ಕಣೆ ಸೌಂದರ್ಯ. ಜನ ಏನಂದಾರು?"

"ಹಸಿದ ಜನ ಏನಂತಾರೆ ಅಂತ ನಿಮ್ಮಕ್ಕ ಕೇಳೋರು ಚಿಕ್ಕತ್ತೆ. ದಾರಿ ಬಿಡಿ."

ದ್ಯಾವಮ್ಮ ಅಕ್ಕನ ಕಡೆ ಒಮ್ಮೆ, ಸೊಸೆಯ ಕಡೆ ಒಮ್ಮೆ ನೋಡಿದಳು. ಕೈ ಇಳಿಸಿದಳು. "ಒಣ ಸೌದೆ ಕೊಟ್ಟಿಗೆ ಗೋಡೆ ಕಡೆ ಅವೆ. ಮುಂದಿನ್ವು ಎಳೀಬ್ಯಾಡ, ಹಸೀವು, ಹೊಗೆ ಆಯ್ತದೆ," ಎಂದು ಮೂಗು ಒರೆಸಿಕೊಂಡಳು.

ಚಟ್ಟದಿಂದ ಹತ್ತು ಹೆಜ್ಜೆ ಆಚೆ, ಕೊಟ್ಟಿಗೆಯ ಸೂರಿನಡಿ ಮೂರು ಗುಂಡುಕಲ್ಲು ಇದ್ದವು. ಕೊಪ್ಪರಿಗೆ ಏರಿತು, ನೀರು ಬಿತ್ತು. ಅಂಗಳದಲ್ಲಿದ್ದ ಅಳು ನಿಂತುಹೋಯಿತು. ಎಲ್ಲರೂ ನೋಡುತ್ತಿದ್ದರು. ಸೌಂದರ್ಯ ಬೆಂಕಿಪೊಟ್ಟಣ ತೆಗೆದಳು. ಮೊದಲ ಕಡ್ಡಿ ತೇವ ಹಿಡಿದಿತ್ತು. ಎರಡನೆಯದು ಮುರಿಯಿತು. ಮೂರನೆಯದು ಹತ್ತಿತು.

ಜವರಯ್ಯ ಎದ್ದು ನಿಂತರು.

"ಆಯ್ತು. ಒಲೆ ಅಚ್ದೆ. ಎಲ್ರೂ ಕೇಳ್ಕೊಳಿ. ಈ ಚಟ್ಟಕ್ಕೆ ನಾನು ಎಗ್ಲು ಕೊಡಕ್ಕಿಲ್ಲ. ನಮ್ಮ ಅದಿನೆಂಟು ಮನೇಲಿ ಒಬ್ನೂ ಕೊಡಕ್ಕಿಲ್ಲ. ಯಾರ ಕೈಲಿ ಎತ್ತುಸ್ತಾಳೋ ಎತ್ತುಸ್ಲಿ."

ಚಟ್ಟದ ಸುತ್ತ ಕೂತಿದ್ದ ದಾಯಾದಿ ಗಂಡಸರು ಒಬ್ಬೊಬ್ಬರಾಗಿ ಎದ್ದು ಎದುರು ಜಗಲಿಗೆ ಹೋಗಿ ಕೂತರು. ಸೌಂದರ್ಯಳಿಗೆ ಭಯವಾಯಿತು, ಸುಳ್ಳೇಕೆ? ಬಾಡಿಗೆ ಹೆಗಲಿನ ಮೇಲೆ ಅತ್ತೆಯನ್ನು ಕಳಿಸಿದ ಸೊಸೆ ಎಂದು ಸಾಯುವ ತನಕ ಅನ್ನಿಸಿಕೊಳ್ಳಬೇಕು. ರಸ್ತೆಯಲ್ಲಿರುವ ಗಂಡನಿಗೆ ಕೂದಲು ಕೊಂಕಿದರೂ ಇದೇ ಒಲೆಯ ಕಡೆ ಬೆರಳು ತೋರಿಸುತ್ತಾರೆ.

"ಸರಿ ಮಾವ," ಎಂದಳು. "ಸತ್ತೋರು ಕಾಯ್ತಾರೆ. ಹಸಿದೋರು ಕಾಯಕ್ಕಾಗಲ್ಲ."

ಎಸರು ಕುದಿಯಿತು. ಹಿಟ್ಟು ಬಿತ್ತು. ಪಾತ್ರೆ ಅಲುಗದಂತೆ ಕವೆಗೋಲನ್ನು ಕಾಲಲ್ಲಿ ಒತ್ತಿ ಹಿಡಿದು, ಆಳುದ್ದದ ಹಿಟ್ಟಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಸೌಂದರ್ಯ ತೊಳಸತೊಡಗಿದಳು. ಬೇಲಿಯಾಚೆ ಕೆಳಬೀದಿಯ ಹೆಂಗಸರು ಬಂದು ನಿಂತಿದ್ದರು. ಈ ಅಂಗಳಕ್ಕೆ ಕಾಲಿಟ್ಟವರಲ್ಲ. "ನೋಡ್ತಾ ನಿಂತ್ರೆ ಮುದ್ದೆ ಆಯ್ತದಾ? ಒಳಗೆ ಬನ್ನಿ, ಹುರುಳಿ ಬೇಯಿಸಿ," ಎಂದು ಗದರಿದಳು. ಗದರಿದ ದನಿ ಅತ್ತೆಯದೇ. ಅವರು ಒಳಗೆ ಬಂದರು.

ಮೂರೂವರೆಗೆ ಮೊದಲ ಪಂಕ್ತಿ ಕೂತಿತು. ಸಕ್ಕರೆ ಕಾಯಿಲೆಯವರು ಮೊದಲು, ಆಮೇಲೆ ಮಕ್ಕಳು, ಬಸುರಿ, ಕಾಳಮ್ಮ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹೊಳೆ ಕೆಳಬೀದಿಗೆ ಬಂತು. ಕೆಮ್ಮಣ್ಣಿನ ನೀರು ಮನೆ ಮನೆಯ ಬಾಗಿಲು ತಳ್ಳಿಕೊಂಡು ಹೋಗುವುದನ್ನು ಜನ ದಿಣ್ಣೆಯ ಮೇಲಿಂದ, ಕೈಯಲ್ಲಿ ಮುದ್ದೆ ಹಿಡಿದು ನೋಡಿದರು. ಅಳುವವರು ಅತ್ತರು. ಬೈಯುವವರು ಹೊಳೆಯನ್ನು ಅದರ ಅಪ್ಪ ಅಮ್ಮನ ಸಮೇತ ಬೈದರು. ಒಂದು ಜೀವವೂ ಕೆಳಗಿರಲಿಲ್ಲ.

ಐದೂವರೆಗೆ ಮಾದೇಶ ಬಂದ. ಸೇತುವೆಯ ದಾರಿ ಬಿಟ್ಟು ನಾಲೆಯ ಏರಿಯ ಮೇಲೆ ನಾಲ್ಕು ಮೈಲಿ ನಡೆದು, ತೊಡೆಯವರೆಗೆ ಕೆಸರಾಗಿ, ಬದುಕಿ ಬಂದ. ಗಂಡನನ್ನು ಕಂಡದ್ದೇ ಸೌಂದರ್ಯಳ ಎದೆಯಿಂದ ಕಲ್ಲೊಂದು ಇಳಿಯಿತು. ಅವನು ತಾಯಿಯ ಕಾಲಿನ ಮೇಲೆ ಬಿದ್ದು ಅತ್ತು, ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ ಸುತ್ತ ನೋಡಿದ. ಖಾಲಿ ಅಂಗಳ, ಎದುರು ಜಗಲಿಯಲ್ಲಿ ಕೈಕಟ್ಟಿ ಕೂತ ದಾಯಾದಿಗಳು, ಉರಿಯುವ ಒಲೆ.

"ನಿನ್ ಎಂಡ್ತಿ ಮಾಡಿರೋ ಕೆಲ್ಸ ನೋಡ್ಲಾ," ಎಂದರು ಜವರಯ್ಯ.

ಮಾದೇಶ ನೋಡಿದ. ಹೊಗೆಗೆ ಕಣ್ಣು ಕೆಂಪಾಗಿ, ಕೈತುಂಬ ಹಿಟ್ಟು ಮೆತ್ತಿಕೊಂಡು ಎರಡನೆಯ ಕೊಪ್ಪರಿಗೆ ತೊಳಸುತ್ತಿದ್ದವಳನ್ನು ಬಹಳ ಹೊತ್ತು ನೋಡಿದ. "ನಮ್ಮವ್ವನ ಹಂಗೇ ಕಾಣ್ತಾಳೆ ದೊಡ್ಡಪ್ಪ," ಎಂದ. "ಕತ್ತಲಾಗೋದ್ರೊಳಗೆ ಎತ್ಬೇಕು. ಏಳಿ."

"ನಾನ್ ಮಾತು ಆಡ್ಬುಟ್ಟಿದ್ದೀನಿ ಕಣ್ಲಾ. ಎಗ್ಲು ಕೊಡಕ್ಕಿಲ್ಲ."

ಮಾದೇಶ ಚಟ್ಟದ ತಲೆಯ ಕಡೆ, ಎಡಗಡೆಗೆ ಹೋಗಿ ನಿಂತ. ಒಬ್ಬನೇ ನಿಂತ.

ಚಲುವರಾಜು ತಮಟೆಯನ್ನು ಕೊರಳಿಂದ ತೆಗೆದು ಪಕ್ಕದವನ ಕೈಗೆ ಕೊಟ್ಟ. ಕೆಳಬೀದಿಯವರು ಮೇಲುಬೀದಿಯ ಚಟ್ಟ ಮುಟ್ಟಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. "ನನ್ ಮನೇಲಿ ಈಗ ಎದೆಮಟ್ಟ ನೀರದೆ ಗೌಡ್ರೇ," ಎಂದ. "ಒಟ್ಟೇಲಿ ಈ ಅವ್ವನ ಇಟ್ಟದೆ. ನೀವು ಬ್ಯಾಡ ಅಂದ್ರೂ ಎತ್ತೀನಿ." ಅಂದವನೇ ಬಂದು ಬಲಗಡೆ ನಿಂತ. ಮಹದೇವಯ್ಯ ಹಸುವನ್ನು ಬೇಲಿಗೂಟಕ್ಕೆ ಕಟ್ಟಿ ಬಂದು ಕಾಲಿನ ಕಡೆ ನಿಂತ.

ಒಂದು ಹೆಗಲು ಉಳಿಯಿತು. ಬಸವಪ್ರಸಾದ ರೇನ್‌ಕೋಟು ಬಿಚ್ಚತೊಡಗಿದ.

"ಬೇಡಿ ಸಾರ್," ಎಂದಳು ಸೌಂದರ್ಯ. "ಅದು ನಂದು."

ಹೆಣ್ಣು ಹೆಗಲು ಕೊಡುವುದೇ? ಜಗಲಿಯಲ್ಲಿ ಗುಜುಗುಜು ಎದ್ದಿತು. ಅವಳ ಕೈಯಲ್ಲಿ ಕೋಲಿತ್ತು. ಹಿಟ್ಟು ಆಗಷ್ಟೇ ಬಿದ್ದು ಕೊತಕೊತ ಎನ್ನುತ್ತಿತ್ತು. ಶಾಲೆಯಲ್ಲಿ ಇನ್ನೂ ಎಂಬತ್ತು ಜನ ಉಣ್ಣುವುದಿತ್ತು. ಹೆಂಗಸರೆಲ್ಲ ಅಲ್ಲಿ ಬಡಿಸುತ್ತಿದ್ದರು. ಸೌಂದರ್ಯ ಸುತ್ತ ನೋಡಿದಳು. ಎಲ್ಲರಿಗಿಂತ ಹತ್ತಿರ ನಿಂತಿದ್ದವರು ಜವರಯ್ಯ.

"ದೊಡ್ಡ ಮಾವ, ಹೆಗಲು ಕೊಡಲ್ಲ ಅಂದ್ರಿ. ಕೊಡಬೇಡಿ. ನಿಮ್ಮ ಮಾತು ನಿಮಗಿರಲಿ. ಇದನ್ನ ಹಿಡೀರಿ."

"ನಾನಾ?"

"ಬಿಟ್ರೆ ಗಂಟಾಗ್ತದೆ."

ಕೋಲು ಅವರ ಕೈಗೆ ಬಂದಾಗಿತ್ತು. ಜವರಯ್ಯ ಅದನ್ನು ನೋಡಿದರು, ಕೊಪ್ಪರಿಗೆ ನೋಡಿದರು. ಒಂದು ಮೂಲೆಯಲ್ಲಿ ಹಿಟ್ಟು ಆಗಲೇ ಗಟ್ಟಿಯಾಗುತ್ತಿತ್ತು. ಎಷ್ಟೇ ಹಟ ಇರಲಿ, ಎದುರಿಗೆ ಹಿಟ್ಟು ಗಂಟಾಗುವುದನ್ನು ಸುಮ್ಮನೆ ನಿಂತು ನೋಡುವ ಎದೆ ಆ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇಲ್ಲ.

ಸೌಂದರ್ಯ ಸೆರಗನ್ನು ಮಡಿಸಿ ಹೆಗಲ ಮೇಲಿಟ್ಟುಕೊಂಡಳು. ನಾಲ್ವರೂ ಒಟ್ಟಿಗೆ ಬಗ್ಗಿದರು, ಒಟ್ಟಿಗೆ ಎದ್ದರು. ಅತ್ತೆ ಇಷ್ಟು ಹಗುರ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ತಮಟೆ ಶುರುವಾಯಿತು. ಶಾಲೆಯ ಜಗಲಿಯಲ್ಲಿ ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಎದ್ದು ನಿಂತರು.

ಮೇಲಿನ ಹೊಲದ ತಿರುವಿನಲ್ಲಿ ವಾಡಿಕೆಯಂತೆ ಚಟ್ಟ ಇಳಿಸಿ, ಹಿಂದುಮುಂದು ತಿರುಗಿಸಿ ಮತ್ತೆ ಎತ್ತಿಕೊಳ್ಳಬೇಕು. ಅಲ್ಲಿಂದ ಮನೆಯ ಅಂಗಳ ಚೆನ್ನಾಗಿ ಕಾಣುತ್ತದೆ. ಸೌಂದರ್ಯ ಬೆವರು ಒರೆಸಿಕೊಂಡು ತಿರುಗಿ ನೋಡಿದಳು.

ಕೊಟ್ಟಿಗೆಯ ಸೂರಿನಡಿ ಹೊಗೆಯೋ ಹೊಗೆ. ಅದರ ನಡುವೆ ಜವರಯ್ಯ ಪಂಚೆ ಎತ್ತಿ ಕಟ್ಟಿ, ಟವೆಲನ್ನು ತಲೆಗೆ ಬಿಗಿದು, ಕವೆಗೋಲನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ತಿರುವುತ್ತಿದ್ದರು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಎದುರು ಜಗಲಿಯ ಕಡೆ ತಿರುಗಿ ಅವರು ಕೂಗಿದ್ದು ತಮಟೆಯ ಸದ್ದನ್ನೂ ಮೀರಿ ದಿಣ್ಣೆಯುದ್ದಕ್ಕೂ ಕೇಳಿಸಿತು.

"ಏನ್ ನೋಡ್ತಾ ಕುಂತಿದ್ದೀರ್ಲಾ ಅಲ್ಲಿ! ಬಂದು ಸೌದೆ ಇಂದಕ್ಕೆ ಎಳೀರ್ಲಾ, ತಳ ಅತ್ಕತದೆ!"

ಜಗಲಿಯಿಂದ ಹದಿನೆಂಟು ಮನೆಯ ಗಂಡಸರು ದಡಬಡಿಸಿ ಎದ್ದು ಒಲೆಯ ಕಡೆ ಓಡುತ್ತಿದ್ದರು.